ಜೇಡದ ಹಿಂದೆ ಹೋದವರಿಗೆ ಎಷ್ಟು ಹೆಸರು?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಜೇಡದ ಬಗ್ಗೆ ಅಧ್ಯಯನ ಮಾಡುವ ವಿಜ್ಞಾನಿಗೆ ಏನಂತಾರೆ ಎಂದು ಕೇಳಿದಳು. ಕೀಟವಿಜ್ಞಾನಿ ಎಂದೆ. ಮರುದಿನ ಶಾಲೆಯಿಂದ ಬಂದವಳೇ ತಪ್ಪು ಎಂದಳು. ಡೈನೋಸಾರ್ ಮೂಳೆ ಅಗೆದು ತೆಗೆಯುವವರು ಪುರಾತತ್ವ ತಜ್ಞರು ಎಂದಿದ್ದೆ. ಅದೂ ತಪ್ಪಂತೆ. ವಿಜ್ಞಾನಿಗಳಲ್ಲಿ ಒಟ್ಟು ಎಷ್ಟು ಬಗೆ? ಇಷ್ಟೊಂದು ಹೆಸರು ಯಾಕೆ ಬೇಕು? ನೆನಪಿಟ್ಟುಕೊಳ್ಳಲು ಏನಾದರೂ ದಾರಿ ಇದೆಯಾ? ಇನ್ನೊಂದು ಮಾತು, ಅವಳಿಗೆ ಜೇಡ ಅಂದರೆ ಪ್ರಾಣ. ಮುಂದೆ ಜೇಡದ ವಿಜ್ಞಾನಿ ಆಗಬೇಕಾದರೆ ಏನು ಓದಬೇಕು?

ಉತ್ತರ: ನೀವು ಮಾಡಿದ ಎರಡೂ ತಪ್ಪುಗಳನ್ನು ಬಹಳ ಜನ ಮಾಡುತ್ತಾರೆ, ಬೇಜಾರು ಬೇಡ. ನಾನು ವರ್ಷಗಟ್ಟಲೆ ಪ್ರಾಣಿವಿಜ್ಞಾನ ಪಾಠ ಮಾಡಿದವನು. ಮೊದಲ ದಿನ ತರಗತಿಯಲ್ಲಿ ಜೇಡದ ಚಿತ್ರ ತೋರಿಸಿ ಇದು ಯಾವ ಗುಂಪು ಎಂದು ಕೇಳುತ್ತಿದ್ದೆ. ಜಾಸ್ತಿ ಕೈಗಳು ಕೀಟದ ಪರವಾಗಿಯೇ ಏಳುತ್ತಿದ್ದವು.

ಕೀಟಕ್ಕೆ ಆರು ಕಾಲು. ತಲೆ, ಎದೆ, ಹೊಟ್ಟೆ ಎಂದು ದೇಹಕ್ಕೆ ಮೂರು ಭಾಗ. ತಲೆಯ ಮೇಲೆ ಒಂದು ಜೊತೆ ಕುಡಿಮೀಸೆ. ಜೇಡಕ್ಕೆ ಕಾಲು ಎಂಟು. ತಲೆ ಮತ್ತು ಎದೆ ಬೆಸೆದುಕೊಂಡು ಒಂದೇ ಆಗಿರುವುದರಿಂದ ದೇಹದಲ್ಲಿ ಎರಡೇ ಭಾಗ. ಕುಡಿಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಅದರ ನಂಟರು ಚೇಳು, ಉಣ್ಣಿ, ನುಸಿಗಳೇ ಹೊರತು ನೊಣ, ಇರುವೆಗಳಲ್ಲ. ಈ ಬಳಗವನ್ನು ಅಧ್ಯಯನ ಮಾಡುವವರಿಗೆ ಇಂಗ್ಲಿಷಿನಲ್ಲಿ ಅರಾಕ್ನಾಲಜಿಸ್ಟ್ ಎನ್ನುತ್ತಾರೆ. ನೇಯ್ಗೆಯಲ್ಲಿ ಅಥೀನಾ ದೇವಿಗೇ ಸವಾಲು ಹಾಕಿ, ಕೊನೆಗೆ ಜೇಡವಾಗಿ ಹೋದ ಅರಾಕ್ನೆ ಎಂಬ ಹುಡುಗಿಯ ಗ್ರೀಕ್ ಕತೆಯಿಂದ ಬಂದ ಹೆಸರು ಅದು. ಕನ್ನಡದಲ್ಲಿ ಜೇಡ ತಜ್ಞರು ಎಂದರೆ ಸಾಕು.

ಆದರೆ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಜೇಡದ ಮೇಲೆ ಕೆಲಸ ಮಾಡುವ ಎಷ್ಟೋ ಸಂಶೋಧಕರು ಇರುವುದು ಕೀಟವಿಜ್ಞಾನ ವಿಭಾಗಗಳಲ್ಲೇ. ಜೇಡಕ್ಕೇ ಪ್ರತ್ಯೇಕ ವಿಭಾಗ ಕಟ್ಟುವಷ್ಟು ಜನ ಎಲ್ಲಿ ಸಿಗಬೇಕು? ಹಾಗಾಗಿ ಜೇಡದವರು ಕೀಟದವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿರುತ್ತಾರೆ. ಇತ್ತ ಉಣ್ಣಿ, ನುಸಿಗಳ ಮೇಲೆ ಕೆಲಸ ಮಾಡುವವರು ತಮ್ಮನ್ನು ಅಕರಾಲಜಿಸ್ಟ್ ಎಂದು ಬೇರೆಯೇ ಕರೆದುಕೊಳ್ಳುತ್ತಾರೆ. ಹೆಸರು ಒಂದು ಕಡೆ, ಕೂರುವ ಜಾಗ ಇನ್ನೊಂದು ಕಡೆ.

ಡೈನೋಸಾರ್ ವಿಷಯಕ್ಕೆ ಬರೋಣ. ಗುಂಡಿ ತೋಡುವುದು, ಕುಂಚದಿಂದ ಮಣ್ಣು ಸವರುವುದು, ಚೂರು ಚೂರಿಗೂ ನಂಬರ್ ಹಾಕುವುದು. ಹೊರಗಿನಿಂದ ನೋಡಿದರೆ ಎರಡೂ ಕೆಲಸ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಏನನ್ನು ಹುಡುಕುತ್ತಾರೆ ಎಂಬುದರಲ್ಲಿ. ಪುರಾತತ್ವ ತಜ್ಞರು ಹುಡುಕುವುದು ಮನುಷ್ಯನ ಕೈಗುರುತನ್ನು: ಮಡಕೆ ಚೂರು, ಕಲ್ಲಿನ ಕೊಡಲಿ, ಗೋಡೆ, ಗೋರಿ. ಡೈನೋಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ನಮ್ಮ ಮನುಷ್ಯ ಜಾತಿಗೆ ಸುಮಾರು 3 ಲಕ್ಷ ವರ್ಷ ವಯಸ್ಸು. ಆ ಮೂಳೆಯ ಪಕ್ಕದಲ್ಲಿ ಮಡಕೆ ಸಿಗುವ ಮಾತೇ ಇಲ್ಲ. ಕಲ್ಲಾಗಿ ಉಳಿದ ಜೀವಿಗಳನ್ನು ಓದುವವರು ಪಳೆಯುಳಿಕೆ ವಿಜ್ಞಾನಿಗಳು. ಇಂಗ್ಲಿಷಿನಲ್ಲಿ ಪೇಲಿಯಂಟಾಲಜಿಸ್ಟ್. ಇವರಿಬ್ಬರ ನಡುವೆ ಮೂರನೆಯವರೂ ಇದ್ದಾರೆ, ಮನುಷ್ಯನ ಪೂರ್ವಜರ ಪಳೆಯುಳಿಕೆ ಹುಡುಕುವವರು. 1974ರಲ್ಲಿ ಇಥಿಯೋಪಿಯಾದಲ್ಲಿ ಸುಮಾರು 32 ಲಕ್ಷ ವರ್ಷ ಹಳೆಯ 'ಲೂಸಿ'ಯ ಮೂಳೆಗಳನ್ನು ಹುಡುಕಿದ ಡೊನಾಲ್ಡ್ ಜೊಹಾನ್ಸನ್ ಈ ಗುಂಪಿನವರು. ಪ್ರಾಚೀನ ಮಾನವಶಾಸ್ತ್ರಜ್ಞರು ಎನ್ನಬಹುದು.

ಇನ್ನು ಒಟ್ಟು ಎಷ್ಟು ಬಗೆ ಎಂಬ ಪ್ರಶ್ನೆ. ಇದಕ್ಕೆ ಲೆಕ್ಕ ಇಲ್ಲ. ಯಾರೂ ಪಟ್ಟಿ ಮಾಡಿ ಮೊಹರು ಒತ್ತಿಲ್ಲ. ಹೊಸ ಹೆಸರು ಬೇಕಾದವರು ಹೊಸ ಹೆಸರು ಇಟ್ಟುಕೊಳ್ಳುತ್ತಾರೆ. ಅದು ನಾಲ್ಕು ಜನರ ಬಾಯಲ್ಲಿ ನಿಂತರೆ ಉಳಿಯುತ್ತದೆ. ಖಗೋಳ ಜೀವವಿಜ್ಞಾನಿಗಳು ಎಂಬ ಬಳಗವೇ ಇದೆ. ಭೂಮಿಯ ಆಚೆಗಿನ ಜೀವಿಗಳ ಬಗ್ಗೆ ಅವರ ಅಧ್ಯಯನ. ಅಂಥ ಒಂದು ಜೀವಿಯೂ ಇನ್ನೂ ಸಿಕ್ಕಿಲ್ಲ. ಆದರೂ ಹೆಸರು ಬಂದಾಗಿದೆ, ಸಮ್ಮೇಳನಗಳು ನಡೆಯುತ್ತಿವೆ!

ಅಷ್ಟೇ ಏಕೆ, ಇಂಗ್ಲಿಷಿನ 'ಸೈಂಟಿಸ್ಟ್' ಎಂಬ ಪದಕ್ಕೇ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ನ್ಯೂಟನ್‌ನನ್ನು ಅವನ ಕಾಲದಲ್ಲಿ ಯಾರೂ ಹಾಗೆ ಕರೆಯಲಿಲ್ಲ. ಅವನು ಪ್ರಕೃತಿಯ ತತ್ವಜ್ಞಾನಿ, ಅಷ್ಟೇ. 1833ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವಿದ್ವಾಂಸರ ದೊಡ್ಡ ಸಭೆ ಸೇರಿತ್ತು. ಗುಂಡಿ ತೋಡಿ, ಬ್ಯಾಟರಿ ಜೋಡಿಸಿ ಕೆಲಸ ಮಾಡುವವರು ತಮ್ಮನ್ನು ತತ್ವಜ್ಞಾನಿ ಎಂದುಕೊಳ್ಳಬಾರದು ಎಂದು ಕವಿ ಕೋಲ್‌ರಿಜ್ ತಕರಾರು ತೆಗೆದ. ಹಾಗಾದರೆ ಏನೆಂದು ಕರೆಯೋಣ? ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸ, 'ಆರ್ಟಿಸ್ಟ್' ಇರುವ ಹಾಗೆ 'ಸೈಂಟಿಸ್ಟ್' ಇರಲಿ ಎಂದ. ಮರುವರ್ಷ ಮೇರಿ ಸೋಮರ್‌ವಿಲ್ ಅವರ ಪುಸ್ತಕವೊಂದರ ವಿಮರ್ಶೆಯಲ್ಲಿ ಆ ಪದವನ್ನು ಅಚ್ಚಿಗೂ ತಂದ. ಬಹಳ ಜನಕ್ಕೆ ಅದು ಹಿಡಿಸಲಿಲ್ಲ. 1840ರಲ್ಲಿ ಹ್ಯೂವೆಲ್ 'ಫಿಸಿಸಿಸ್ಟ್', ಅಂದರೆ ಭೌತವಿಜ್ಞಾನಿ, ಎಂಬ ಇನ್ನೊಂದು ಪದ ತಂದಾಗ ಮೈಕೆಲ್ ಫ್ಯಾರಡೆಗೆ ಅದು ಬಾಯಿಗೇ ಒಗ್ಗಲಿಲ್ಲ. ಒಂದೇ ಪದದಲ್ಲಿ ಮೂರು ಸಲ 'ಇ' ಬರುತ್ತದಲ್ಲ ಎಂದು ದೂರಿದ. ನಿಜ ಹೇಳಬೇಕೆಂದರೆ ನನ್ನ ನಾಲಿಗೆಯೂ ಅಲ್ಲಿ ಎಡವುತ್ತದೆ. ತಮಾಷೆ ಎಂದರೆ, ಫ್ಯಾರಡೆಗೆ ಅವನ ವಿದ್ಯುತ್ ಪ್ರಯೋಗಗಳ ಎರಡು ಧ್ರುವಗಳಿಗೆ ಆನೋಡ್, ಕ್ಯಾಥೋಡ್ ಎಂಬ ಪದಗಳನ್ನು ಹುಡುಕಿಕೊಟ್ಟವನೂ ಇದೇ ಹ್ಯೂವೆಲ್.

ಇಷ್ಟೊಂದು ಹೆಸರು ಯಾಕೆ? ವಸ್ತುಗಳು ಜಾಸ್ತಿ ಇರುವುದರಿಂದ ಎಂದು ನಾವು ಅಂದುಕೊಳ್ಳುತ್ತೇವೆ. ಹಕ್ಕಿ ನೋಡುವವರು ಪಕ್ಷಿವಿಜ್ಞಾನಿ, ಮೀನು ನೋಡುವವರು ಮೀನುವಿಜ್ಞಾನಿ, ಹಾವು, ಹಲ್ಲಿ, ಕಪ್ಪೆ ನೋಡುವವರು ಉರಗತಜ್ಞರು, ಪಾಚಿ ನೋಡುವವರು ಪಾಚಿವಿಜ್ಞಾನಿ. ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು. ಶಾಲೆಯ ಪಟ್ಟಿಗಳಲ್ಲಿ ಬರುವುದೂ ಇವೇ. ಆದರೆ ಇದು ಅರ್ಧ ಕತೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಹೆಸರುಗಳು ವಸ್ತುವಿನಿಂದ ಬಂದವಲ್ಲ, ಪ್ರಶ್ನೆಯಿಂದ ಬಂದವು.

ಕಾಲರಾ ರೋಗವನ್ನೇ ತೆಗೆದುಕೊಳ್ಳಿ. ರೋಗ ಒಂದೇ. ವೈದ್ಯರ ಪ್ರಶ್ನೆ, ಈ ರೋಗಿಯನ್ನು ಉಳಿಸುವುದು ಹೇಗೆ? ಸೂಕ್ಷ್ಮಜೀವಿ ವಿಜ್ಞಾನಿಯ ಪ್ರಶ್ನೆ, ರೋಗ ತರುವ ಆ ಜೀವಿ ಯಾವುದು, ಅದು ಹೇಗೆ ಬದುಕುತ್ತದೆ? ರೋಗನಿರೋಧಕತೆಯ ತಜ್ಞರ ಪ್ರಶ್ನೆ, ದೇಹ ಅದರ ಜೊತೆ ಹೇಗೆ ಹೋರಾಡುತ್ತದೆ? ಸಾಂಕ್ರಾಮಿಕ ರೋಗ ತಜ್ಞರ ಪ್ರಶ್ನೆ ಇವೆಲ್ಲಕ್ಕಿಂತ ಬೇರೆ: ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎಲ್ಲಿ, ಯಾವಾಗ?

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹಬ್ಬಿತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ಜಾನ್ ಸ್ನೋ ಎಂಬ ವೈದ್ಯ ಮನೆ ಮನೆಗೆ ಹೋಗಿ ಸತ್ತವರು ಎಲ್ಲಿಯ ನೀರು ಕುಡಿಯುತ್ತಿದ್ದರು ಎಂದು ವಿಚಾರಿಸಿದ. ಹೆಚ್ಚಿನ ಸಾವುಗಳು ಒಂದು ನೀರಿನ ಪಂಪಿನ ಸುತ್ತಲೇ ಆಗಿದ್ದವು. ಪಂಪಿನ ಹಿಡಿ ತೆಗೆಸಿದ. ಸಾವುಗಳನ್ನು ನಕ್ಷೆಯಲ್ಲಿ ಗುರುತು ಹಾಕಿದ್ದು ಆಮೇಲೆ. ರಾಬರ್ಟ್ ಕಾಖ್ ಕಾಲರಾ ಬ್ಯಾಕ್ಟೀರಿಯಾವನ್ನು ಗುರುತಿಸಿ ಜಗತ್ತಿಗೆ ತೋರಿಸುವ ಹೊತ್ತಿಗೆ 1883 ಆಗಿತ್ತು. ಅಂದರೆ ರೋಗ ತರುವ ಜೀವಿ ಯಾವುದೆಂದು ಗೊತ್ತಿಲ್ಲದೆಯೇ ಸ್ನೋ ಅದು ಬರುವ ದಾರಿ ಹಿಡಿದಿದ್ದ. ಅವನ ದಿನನಿತ್ಯದ ಕಸುಬು ಏನು ಗೊತ್ತಾ? ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವುದು.

ಹೀಗೆ ಯಾರಾದರೂ ಹೊಸ ಪ್ರಶ್ನೆ ಕೇಳಿದಾಗ ಹಳೆಯ ಹೆಸರು ಸಾಲದೆ ಬರುತ್ತದೆ. ಕೆಲವು ಸಲ ಹೆಸರು ಬರುವಾಗ ಮನುಷ್ಯನೇ ಇರುವುದಿಲ್ಲ. ಗ್ರೆಗರ್ ಮೆಂಡಲ್ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದ್ದು 1866ರಲ್ಲಿ, ತೀರಿಕೊಂಡದ್ದು 1884ರಲ್ಲಿ. ತಳಿವಿಜ್ಞಾನಕ್ಕೆ 'ಜೆನೆಟಿಕ್ಸ್' ಎಂಬ ಹೆಸರನ್ನು ವಿಲಿಯಂ ಬೇಟ್ಸನ್ ಸೂಚಿಸಿದ್ದು 1905ರಲ್ಲಿ. ತಳಿವಿಜ್ಞಾನದ ಪಿತಾಮಹ ಎನಿಸಿಕೊಂಡವನಿಗೆ ತಾನು ತಳಿವಿಜ್ಞಾನಿ ಎಂದೇ ಗೊತ್ತಿರಲಿಲ್ಲ. ಮಣ್ಣಿನ ಕತೆಯೂ ಚೆನ್ನಾಗಿದೆ. ಮಣ್ಣು ಎಂದರೆ ಪುಡಿಯಾದ ಬಂಡೆ, ಅದು ಭೂವಿಜ್ಞಾನಿಯ ಪಾಲು ಎಂದುಕೊಂಡಿದ್ದರು. ರಷ್ಯಾದ ವಸೀಲಿ ಡೊಕುಚೇವ್ 1883ರಲ್ಲಿ ಅಲ್ಲಿನ ಕಪ್ಪು ಮಣ್ಣಿನ ಬಗ್ಗೆ ಬರೆದು, ಮಣ್ಣಿಗೆ ಅದರದೇ ಹುಟ್ಟು ಬೆಳವಣಿಗೆ ಇದೆ, ಬಂಡೆ, ಹವೆ, ಜೀವಿಗಳು, ಕಾಲ ಎಲ್ಲ ಸೇರಿ ಅದನ್ನು ಮಾಡುತ್ತವೆ ಎಂದು ತೋರಿಸಿದ. ಮಣ್ಣುವಿಜ್ಞಾನಿ ಎಂಬ ಬೇರೆ ಬಗೆ ಅಲ್ಲಿಂದ ಬೆಳೆಯಿತು. ಅಣಬೆ, ಬೂಷ್ಟುಗಳು ಬಹಳ ಕಾಲ ಸಸ್ಯವಿಜ್ಞಾನಿಯ ಲೆಕ್ಕದಲ್ಲೇ ಇದ್ದವು. ಆಮೇಲೆ ನೋಡಿದರೆ ಅವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನಂಟರು! ಅವುಗಳ ಹಿಂದೆ ಹೋದವರು ಶಿಲೀಂಧ್ರ ವಿಜ್ಞಾನಿಗಳು.

ಜಾಗದಿಂದ ಬಂದ ಹೆಸರುಗಳೂ ಇವೆ. ಕಡಲಿಗೆ ಸಾಗರವಿಜ್ಞಾನಿ, ಕೆರೆ ಸರೋವರಗಳಿಗೆ ಲಿಮ್ನಾಲಜಿಸ್ಟ್, ಹಿಮನದಿಗಳಿಗೆ ಹಿಮನದಿ ತಜ್ಞ. ಬಳಸುವ ಉಪಕರಣದಿಂದ ಬಂದವೂ ಇವೆ, ರೇಡಿಯೋ ಖಗೋಳವಿಜ್ಞಾನಿ ಎಂಬ ಹಾಗೆ. ಇವು ಸುಲಭ, ಮುಂದೆ ಹೋಗೋಣ.

ನೆನಪಿನ ವಿಷಯ. ಇಂಗ್ಲಿಷ್ ಹೆಸರುಗಳು ಕಷ್ಟ, ಏಕೆಂದರೆ ಅರ್ಧಕ್ಕರ್ಧ ಗ್ರೀಕ್. ಎಂಟಮಾಲಜಿ ಎಂದರೆ ಕೀಟ, ಎಟಿಮಾಲಜಿ ಎಂದರೆ ಪದಗಳ ಹುಟ್ಟು. ಕಾಸ್ಮಾಲಜಿಸ್ಟ್ ನೋಡುವುದು ಇಡೀ ವಿಶ್ವವನ್ನು, ಕಾಸ್ಮೆಟಾಲಜಿಸ್ಟ್ ನೋಡುವುದು ನಿಮ್ಮ ಮುಖವನ್ನು. ಅತಿ ದೊಡ್ಡ ಮೋಸ ಮೀಟಿಯರಾಲಜಿಸ್ಟ್ ಎಂಬ ಹೆಸರಿನದು. ಅವರು ಮೀಟಿಯರ್ ಎಂದರೆ ಉಲ್ಕೆಯ ತಜ್ಞರಲ್ಲ, ಮಳೆ, ಗಾಳಿಯ ತಜ್ಞರು. ಅರಿಸ್ಟಾಟಲ್ ಕಾಲದಲ್ಲಿ ಆ ಗ್ರೀಕ್ ಪದಕ್ಕೆ 'ಮೇಲೆ ಆಕಾಶದಲ್ಲಿ ಇರುವುದು' ಎಂದಷ್ಟೇ ಅರ್ಥ. ಮೋಡವೂ ಮೇಲೆ, ಉಲ್ಕೆಯೂ ಮೇಲೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರು. ಬುಟ್ಟಿ ಬೇರೆಯಾದರೂ ಹೆಸರು ಮೋಡದವರ ಹತ್ತಿರವೇ ಉಳಿಯಿತು.

ಈ ವಿಷಯದಲ್ಲಿ ಕನ್ನಡ ನಮಗೆ ಕೈ ಹಿಡಿಯುತ್ತದೆ. ಕೀಟವಿಜ್ಞಾನಿ, ಪಕ್ಷಿವಿಜ್ಞಾನಿ ಎಂದರೆ ಮತ್ತೆ ವಿವರಿಸಬೇಕಿಲ್ಲ, ಪದವೇ ಹೇಳಿಬಿಡುತ್ತದೆ. ಆದ್ದರಿಂದ ಮಗಳು ಮೊದಲು ಕನ್ನಡದ ಹೆಸರು ಹಿಡಿಯಲಿ, ಆಮೇಲೆ ಇಂಗ್ಲಿಷಿನದು ಸೇರಿಸಿಕೊಳ್ಳಲಿ. ಹಾಗೆಂದು ನಮ್ಮಲ್ಲಿ ಗೊಂದಲ ಇಲ್ಲವೇ? ಬೇಕಾದಷ್ಟಿದೆ. ಸಂಖ್ಯಾಶಾಸ್ತ್ರ ಎಂದರೆ ಒಬ್ಬರಿಗೆ ಅಂಕಿಅಂಶಗಳ ಗಣಿತ, ಇನ್ನೊಬ್ಬರಿಗೆ ಹೆಸರಿನ ಅಕ್ಷರ ಕೂಡಿಸಿ ಅದೃಷ್ಟ ಹೇಳುವುದು. ಮೊದಲನೆಯದು ವಿಜ್ಞಾನ, ಎರಡನೆಯದು ಅಲ್ಲ. ಕೊನೆಗೆ 'ಶಾಸ್ತ್ರ' ಅಂಟಿಸಿದ ಮಾತ್ರಕ್ಕೆ ಯಾವುದೂ ವಿಜ್ಞಾನ ಆಗುವುದಿಲ್ಲ. ಹವಾಮಾನ ಎಂದರೆ ಇವತ್ತು ನಾಳೆಯ ಮಳೆ ಬಿಸಿಲು. ಹವಾಗುಣ ಎಂದರೆ ಹತ್ತಾರು ವರ್ಷಗಳ ಸರಾಸರಿ ಸ್ವಭಾವ. ಎರಡಕ್ಕೂ ಬೇರೆ ಬೇರೆ ತಜ್ಞರಿದ್ದಾರೆ, ಆದರೆ ಪತ್ರಿಕೆಗಳು ಎರಡನ್ನೂ ಹವಾಮಾನ ಎಂದೇ ಬರೆದುಬಿಡುತ್ತವೆ. ಪರಿಸರವಾದಿ ಮತ್ತು ಪರಿಸರ ವಿಜ್ಞಾನಿ ಕೂಡ ಒಂದೇ ಅಲ್ಲ. ಕಾಡು ಉಳಿಸಿ ಎಂದು ದನಿ ಎತ್ತುವವರು ಮೊದಲನೆಯವರು. ಕಾಡಿನಲ್ಲಿ ಯಾವ ಜೀವಿ ಯಾವುದನ್ನು ನೆಚ್ಚಿಕೊಂಡಿದೆ ಎಂದು ಅಳೆದು ನೋಡುವವರು ಎರಡನೆಯವರು. ಒಬ್ಬರೇ ಎರಡೂ ಆಗಿರಬಹುದು, ಅದು ಬೇರೆ ಮಾತು.

ಪಟ್ಟಿ ಬಾಯಿಪಾಠ ಮಾಡುವ ಬದಲು ಅವಳು ಒಂದು ಅಭ್ಯಾಸ ಮಾಡಿಕೊಳ್ಳಲಿ ಎಂಬುದು ನನ್ನ ಸಲಹೆ. ಯಾವ ವಿಜ್ಞಾನಿಯ ಹೆಸರು ಕೇಳಿದರೂ, "ಇವರು ಏನನ್ನು ನೋಡುತ್ತಾರೆ" ಎಂಬಲ್ಲಿಗೆ ನಿಲ್ಲಬಾರದು. "ಅದರ ಬಗ್ಗೆ ಏನು ಕೇಳುತ್ತಾರೆ" ಎಂದೂ ಹುಡುಕಬೇಕು. ಅಷ್ಟು ಮಾಡಿದರೆ ಹೆಸರು ತಾನಾಗಿ ಕೂರುತ್ತದೆ. ಹೆಸರಿನ ಬೇಲಿಯನ್ನು ವಿಜ್ಞಾನಿಗಳೇ ಹೇಗೆ ಹಾರುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಆಂಡ್ರೂ ಡಗ್ಲಾಸ್ ಎಂಬ ಅಮೆರಿಕದ ಖಗೋಳವಿಜ್ಞಾನಿ ಇದ್ದರು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಅದರ ಗುರುತು ಭೂಮಿಯ ಮೇಲೆ ಎಲ್ಲಾದರೂ ಉಳಿದಿದೆಯೇ ಎಂದು ಅವರು ಹುಡುಕಹೊರಟರು. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದಲ್ಲ, ಅಲ್ಲಿ ನೋಡಿದರು. ಮಳೆ ಚೆನ್ನಾದ ವರ್ಷ ದಪ್ಪ ಉಂಗುರ, ಬರಗಾಲದಲ್ಲಿ ತೆಳು. ಆ ದಪ್ಪ ತೆಳುವಿನ ಸಾಲನ್ನು ಮರದಿಂದ ಮರಕ್ಕೆ ಹೊಂದಿಸುತ್ತ ಹಿಂದೆ ಹಿಂದೆ ಹೋದರು. 1929ರ ಹೊತ್ತಿಗೆ, ಅಮೆರಿಕದ ಮೂಲನಿವಾಸಿಗಳ ಹಾಳುಬಿದ್ದ ಹಳೆಯ ಮನೆಗಳ ತೊಲೆ ನೋಡಿ ಅದರ ಮರ ಯಾವ ವರ್ಷ ಕಡಿದದ್ದು ಎಂದು ಹೇಳುವಷ್ಟಾದರು. ಸೂರ್ಯನನ್ನು ಹುಡುಕಿ ಹೊರಟವರು ಮರದ ದಾರಿಯಲ್ಲಿ ಪುರಾತತ್ವಕ್ಕೆ ಕ್ಯಾಲೆಂಡರ್ ಕೊಟ್ಟರು. ಈಗ ಆ ಕೆಲಸಕ್ಕೆ ಡೆಂಡ್ರೋಕ್ರೊನಾಲಜಿ ಎಂದು ಹೆಸರು.

ಎಲ್ಲರ ಅದೃಷ್ಟವೂ ಇಷ್ಟು ಚೆನ್ನಾಗಿರಲಿಲ್ಲ. ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ ಆಲ್‌ಫ್ರೆಡ್ ವೆಗೆನರ್ ಹವಾಮಾನ ತಜ್ಞ. ಎಷ್ಟೋ ಭೂವಿಜ್ಞಾನಿಗಳು ನಂಬಲಿಲ್ಲ. ಮೋಡ ನೋಡುವವನಿಗೆ ಬಂಡೆಯ ಸಹವಾಸ ಯಾಕೆ ಎಂಬ ಧೋರಣೆಯೂ ಇತ್ತು. ಖಂಡಗಳನ್ನು ತಳ್ಳುವ ಶಕ್ತಿ ಯಾವುದು ಎಂಬುದಕ್ಕೆ ಅವನಲ್ಲಿ ಸರಿಯಾದ ಉತ್ತರ ಇರಲಿಲ್ಲ ಎಂಬುದೂ ನಿಜವೇ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸತ್ತ. ಅವನ ಮಾತು ಸರಿ ಎಂದು ಜಗತ್ತು ಒಪ್ಪಿದ್ದು 1960ರ ದಶಕದಲ್ಲಿ. ಇನ್ನು ಭೌತವಿಜ್ಞಾನಿ ರುದರ್‌ಫರ್ಡ್‌ಗೆ 1908ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ತಾನು ಎಷ್ಟೋ ಧಾತುಗಳು ಬದಲಾಗುವುದನ್ನು ನೋಡಿದ್ದೇನೆ, ಆದರೆ ಭೌತವಿಜ್ಞಾನಿಯಾಗಿದ್ದ ತಾನೇ ರಸಾಯನ ವಿಜ್ಞಾನಿಯಾಗಿ ಬದಲಾದಷ್ಟು ಬೇಗ ಯಾವುದೂ ಬದಲಾಗಿಲ್ಲ ಎಂದು ಆತ ತಮಾಷೆ ಮಾಡಿದ. ವೆಂಕಟರಾಮನ್ ರಾಮಕೃಷ್ಣನ್ ಡಾಕ್ಟರೇಟ್ ಮಾಡಿದ್ದು ಭೌತಶಾಸ್ತ್ರದಲ್ಲಿ. ಕೆಲಸ ಮಾಡಿದ್ದು ಜೀವಕೋಶದೊಳಗಿನ ರೈಬೋಸೋಮ್ ಮೇಲೆ. 2009ರಲ್ಲಿ ನೊಬೆಲ್ ಬಂದದ್ದು ರಸಾಯನ ವಿಜ್ಞಾನಕ್ಕೆ. ಅವರನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಈಗ ನಿಮ್ಮ ಕೊನೆಯ ಪ್ರಶ್ನೆ. ಜೇಡಕ್ಕಾಗಿಯೇ ಬೇರೆ ಪದವಿ ಸಿಗುವುದು ಅಪರೂಪ. ಜೀವವಿಜ್ಞಾನ ಅಥವಾ ಪ್ರಾಣಿವಿಜ್ಞಾನ ಓದಿ, ಸಂಶೋಧನೆಯ ಹಂತದಲ್ಲಿ ಜೇಡವನ್ನು ಆರಿಸಿಕೊಳ್ಳುವುದು ಸಾಮಾನ್ಯ ದಾರಿ. ಆದರೆ ಅದೊಂದೇ ದಾರಿ ಅಲ್ಲ. ಅವಳಿಗೆ ಜೇಡದಲ್ಲಿ ಇಷ್ಟವಾಗುವುದು ಏನು ಎಂದು ಕೇಳಿ ನೋಡಿ. ಬಲೆಯ ನೂಲು ಇಷ್ಟು ಗಟ್ಟಿ ಹೇಗೆ ಎಂದರೆ ಅದು ಪದಾರ್ಥವಿಜ್ಞಾನಿಯ ಪ್ರಶ್ನೆ. ವಿಷ ಹೇಗೆ ಕೆಲಸ ಮಾಡುತ್ತದೆ ಎಂದರೆ ಜೀವರಸಾಯನ ವಿಜ್ಞಾನಿಯದು. ಇದುವರೆಗೆ ಗುರುತಿಸಿರುವ 50,000ಕ್ಕೂ ಹೆಚ್ಚು ಜಾತಿಗಳಲ್ಲಿ ಇದು ಯಾವುದು ಎಂದರೆ ವರ್ಗೀಕರಣ ತಜ್ಞರದು. ಡಾರ್ವಿನ್ 1832ರಲ್ಲಿ, ದಡದಿಂದ ಸುಮಾರು 100 ಕಿಲೋಮೀಟರ್ ದೂರದ ಕಡಲಿನಲ್ಲಿ ಪುಟ್ಟ ಪುಟ್ಟ ಜೇಡಗಳು ಹಾರಿ ಬಂದು ಹಡಗಿಗೆ ಅಂಟಿಕೊಂಡದ್ದನ್ನು ನೋಡಿದ್ದ. ರೆಕ್ಕೆ ಇಲ್ಲದ ಜೀವಿ ನೂಲು ಬಿಟ್ಟು ತೇಲುತ್ತದೆ. ಗಾಳಿ ಒಂದೇ ಅಲ್ಲ, ವಾತಾವರಣದ ವಿದ್ಯುತ್ ಬಲವೂ ಅದನ್ನು ಎತ್ತಬಲ್ಲದು ಎಂದು 2018ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇಬ್ಬರು ಪ್ರಯೋಗ ಮಾಡಿ ತೋರಿಸಿದರು. ಇಲ್ಲಿ ಜೇಡದ ಜೊತೆ ಭೌತಶಾಸ್ತ್ರವೂ ಬೇಕಾಯಿತು.

ನನಗೆ ಬಹಳ ಇಷ್ಟವಾದ ಪ್ರಸಂಗ 1948ರದು. ಹಾನ್ಸ್ ಪೀಟರ್ಸ್ ಎಂಬ ಜರ್ಮನ್ ಪ್ರಾಣಿವಿಜ್ಞಾನಿ ಜೇಡ ಬಲೆ ನೇಯುವುದನ್ನು ಗಮನಿಸಬೇಕಿತ್ತು. ಹಾಳಾದ್ದು ಜೇಡ ನೇಯುತ್ತಿದ್ದದ್ದು ಬೆಳಗಿನ ಜಾವದಲ್ಲಿ. ನಿದ್ದೆಗೆಟ್ಟು ಸಾಕಾಗಿ, ಪೀಟರ್ ವಿಟ್ ಎಂಬ ಔಷಧವಿಜ್ಞಾನಿಯ ಬಳಿ, ಬೇರೆ ಹೊತ್ತಿನಲ್ಲಿ ನೇಯುವ ಹಾಗೆ ಜೇಡಕ್ಕೆ ಏನಾದರೂ ಕೊಡಲಾಗುತ್ತದೆಯೇ ಎಂದು ಕೇಳಿದ. ವಿಟ್ ಕೆಫೀನ್ ಮುಂತಾದ್ದನ್ನು ಕೊಟ್ಟು ನೋಡಿದ. ಜೇಡಗಳು ನೇಯುವ ಹೊತ್ತು ಬದಲಾಗಲಿಲ್ಲ, ಬಲೆಯ ಆಕಾರ ಮಾತ್ರ ಕೆಟ್ಟುಹೋಯಿತು! ಪ್ರಾಣಿವಿಜ್ಞಾನಿಯ ನಿದ್ದೆ ಉಳಿಯಲಿಲ್ಲ. ಆದರೆ ಯಾವ ಮದ್ದು ಬಲೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ಔಷಧವಿಜ್ಞಾನಿಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು.

ಇದಕ್ಕೆಲ್ಲ ಪದವಿ ಬರುವವರೆಗೆ ಕಾಯಬೇಕಿಲ್ಲ ಎಂದೂ ಮಗಳಿಗೆ ಹೇಳಿ. 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಅರಾಬೆಲ್ಲಾ, ಅನಿಟಾ ಎಂಬ ಎರಡು ಜೇಡಗಳು ಹೋದವು. ಭಾರವೇ ಇಲ್ಲದ ಕಡೆ ಜೇಡ ಬಲೆ ಕಟ್ಟಬಲ್ಲದೇ ಎಂಬುದು ಪ್ರಶ್ನೆ. ಅರಾಬೆಲ್ಲಾ ಮೊದಲು ಅಡ್ಡಾದಿಡ್ಡಿ ನೇಯ್ದು, ಕೆಲವು ದಿನಗಳಲ್ಲಿ ಹೆಚ್ಚುಕಡಿಮೆ ಸರಿಯಾದ ಬಲೆ ಕಟ್ಟಿತು. ಆ ಪ್ರಶ್ನೆ ಕೇಳಿದ್ದು ಜೂಡಿತ್ ಮೈಲ್ಸ್ ಎಂಬ ಹೈಸ್ಕೂಲ್ ಹುಡುಗಿ.

ಸದ್ಯಕ್ಕೆ ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಸಾಕು. ಗೋಡೆಯ ಮೇಲೆ ಜಿಗಿಜಿಗಿದು ಓಡಾಡುವ, ಬಲೆ ಕಟ್ಟದ ಪುಟ್ಟ ಜೇಡದಿಂದ ಶುರು ಮಾಡಲಿ. ಕಾಲು ಎಂಟು ಎಂದು ಅವಳಿಗೆ ಈಗಾಗಲೇ ಗೊತ್ತು, ಕಣ್ಣು ಎಣಿಸಲಿ. ಜೇಡ ಯಾವ ಕುಟುಂಬದ್ದು ಎಂದು ತಜ್ಞರು ಮೊದಲು ನೋಡುವ ಗುರುತುಗಳಲ್ಲಿ ಕಣ್ಣುಗಳ ಜೋಡಣೆಯೂ ಒಂದು. ಆರು ಎಂದು ಬರೆದುಕೊಂಡು ಬಂದರೆ ಇನ್ನೊಂದು ಸಲ ನೋಡಲು ಹೇಳಿ. ನೆತ್ತಿಯ ಪಕ್ಕದಲ್ಲಿ ಚುಕ್ಕಿಯಷ್ಟೇ ಇರುವ ಒಂದು ಜೋಡಿ ತಪ್ಪಿಹೋಗಿರುತ್ತದೆ.